ಹಾಸ್ಪಿಟಲ್ ಅಲ್ಲ, ಹಾಸ್ಪಿಸ್

ಅವರ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಕೂದಲೇ ಇರಲಿಲ್ಲ. ವರ್ಷಾನುಗಟ್ಟಲೆ ದೋಸೆ ಕಾವಲಿಯ ಬಿಸಿಗೆ ಒಡ್ಡಿ ಒಡ್ಡಿ ಚರ್ಮ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ವಡೋದರಾದ ಮಂಜಲ್‌ಪುರದಲ್ಲಿ ಅವರದೊಂದು ಸಣ್ಣ ಉಡುಪಿ ಹೋಟೆಲು. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ನಾನೊಬ್ಬಳೇ ಆ ಊರಿಗೆ ಹೋದಾಗ ಬೆಳಗಿನ ತಿಂಡಿ ಅಲ್ಲೇ. ಎಲ್ಲರಂತೆ ನಾನೂ ಅವರನ್ನು ಅಣ್ಣ ಎನ್ನುತ್ತಿದ್ದೆ.

ಅಲ್ಲಿಯವರ ಬಾಯಿಗೆ ಹಿಡಿಸಲೆಂದು ಸಾಂಬಾರಿಗೆ ಬೆಲ್ಲ ಜಾಸ್ತಿ ಹಾಕುತ್ತಿದ್ದರು. ಮೊದಲ ದಿನ ನಾನು ಮುಖ ಕಿವಿಚಿದ್ದನ್ನು ಕಂಡವರು ಮರುದಿನದಿಂದ ನನಗೊಂದು ಬಟ್ಟಲು ಬೇರೆ ತೆಗೆದಿಡತೊಡಗಿದರು. ಗುಜರಾತಿ, ಹಿಂದಿ ಅವರಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಕಿವಿಗೆ ಬಿದ್ದಷ್ಟು. ಅರ್ಥವಾಗದ ಮಾತನ್ನು ನನ್ನ ಹತ್ತಿರ ಕೇಳಲು ಅವರಿಗೆ ಸಂಕೋಚವಿರಲಿಲ್ಲ.

ಅವರ ಹೆಂಡತಿ, ನಾವು ಅತ್ತಿಗೆ ಎನ್ನುತ್ತಿದ್ದವರು, ಒಂದು ಮಳೆಗಾಲ ಹಾಸಿಗೆ ಹಿಡಿದರು. ಯಕೃತ್ತಿನ ಕ್ಯಾನ್ಸರ್. ಆಪರೇಷನ್ನು, ಇಂಜೆಕ್ಷನ್ನು ಎಂದು ಓಡಾಡಿ ದೀಪಾವಳಿಯ ಹೊತ್ತಿಗೆ ಆಕೆ ಎದ್ದು ಕೂರಲಾರದಷ್ಟು ಸೋತಿದ್ದರು. ಒಂದು ಬೆಳಿಗ್ಗೆ ಅಣ್ಣ ನನ್ನ ಮೇಜಿನ ಹತ್ತಿರ ಬಂದರು. ಎಷ್ಟೋ ದಿನಗಳ ನಂತರ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಡಾಕ್ಟರು ಬೇರೆ ಹಾಸ್ಪಿಟಲ್ಲಿಗೆ ಹೋಗಲು ಹೇಳಿದ್ದಾರೆ, ಆಪರೇಷನ್ ಯಾವತ್ತು ಅಂತ ಫೋನ್ ಮಾಡಿ ಕೇಳಿಕೊಡಿ ಎಂದು ನಂಬರು ಕೊಟ್ಟರು.

ಫೋನೆತ್ತಿದ ಹೆಂಗಸು ಸಮಾಧಾನದಿಂದ ಇಂಗ್ಲಿಷಿನಲ್ಲಿ ಹೇಳಿದರು: ಇಲ್ಲಿ ಆಪರೇಷನ್ ಮಾಡುವುದಿಲ್ಲ, ಇದು ಹಾಸ್ಪಿಸ್.

ಅಣ್ಣ ಕಾವಲಿಯ ಮುಂದೆ ನಿಂತಿದ್ದರು. ಹತ್ತಿರ ಹೋಗಿ ಹೇಳಿದೆ. "ಅಣ್ಣ, ಡಾಕ್ಟರು ಹೇಳಿದ್ದು ಹಾಸ್ಪಿಟಲ್ ಅಲ್ಲ, ಹಾಸ್ಪಿಸ್. ಎರಡೂ ಬೇರೆ."

"ಎಂತ ಬೇರೆ?"

"ಅಲ್ಲಿ ಕಾಯಿಲೆ ಗುಣ ಮಾಡುವುದಿಲ್ಲ. ಕೊನೆಯವರೆಗೆ ನೋವಾಗದ ಹಾಗೆ ನೋಡಿಕೊಳ್ಳುತ್ತಾರೆ."

ಅವರು ಹುಯ್ದಿದ್ದ ದೋಸೆ ಸೀದುಹೋಯಿತು. ಒಲೆ ಆರಿಸಿ, ಕರಕಲನ್ನು ಕೆರೆದು ತೆಗೆದರು. ಆಮೇಲೆ ಕೇಳಿದರು: "ಅಲ್ಲಿ ಗಂಜಿ ಮಾಡಿಕೊಡ್ಲಿಕ್ಕೆ ಬಿಡ್ತಾರಾ?"

ಆ ಸಂಜೆಯೇ ಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಆಕೆ ಅಳಲಿಲ್ಲವಂತೆ. ಹಾಗಾದರೆ ಇನ್ನು ಸೂಜಿ ಚುಚ್ಚಿಸಿಕೊಳ್ಳಬೇಕಿಲ್ಲವಲ್ಲ ಎಂದಷ್ಟೇ ಕೇಳಿದರಂತೆ. ಹೋಟೆಲು ಮುಚ್ಚಿ ಅಣ್ಣ ಹಾಸ್ಪಿಸ್‌ನಲ್ಲೇ ಉಳಿದರು. ನಾನು ನೋಡಲು ಹೋದಾಗಲೆಲ್ಲ ಇಬ್ಬರೂ ಮೆಲ್ಲಗೆ ತುಳುವಿನಲ್ಲಿ ಮಾತಾಡುತ್ತಿದ್ದರು. ಚಳಿ ಶುರುವಾಗುವ ಮುಂಚೆ ಅತ್ತಿಗೆ ಹೋದರು.

ಹೋಟೆಲು ಮತ್ತೆ ತೆರೆದ ಮೇಲೆ ಅವರೊಂದು ದಿನ ನನ್ನೆದುರು ಕುಳಿತು ಹೇಳಿದರು. "ನೀವು ಅವತ್ತು ಹೇಳದಿದ್ರೆ ನಾನು ಅವಳಿಗೆ ಧೈರ್ಯ ಹೇಳುವುದರಲ್ಲೇ ದಿನ ಕಳೀತಿದ್ದೆ. ಮಾತಾಡ್ಲಿಕ್ಕೆ ಆಗ್ತಿರಲಿಲ್ಲ. ಮದುವೆಯಾದಾಗಿನಿಂದ ನಾವು ಅಷ್ಟು ಮಾತಾಡಿದ್ದೇ ಅಲ್ಲಿ." ನಾನು ಅಷ್ಟು ದಿನವೂ ಆ ಮಾತು ಹೇಳಿದ್ದಕ್ಕಾಗಿ ಒಳಗೊಳಗೇ ಕೊರಗುತ್ತಿದ್ದೆ.

ಆಮೇಲೆ ನನಗೆ ಅಹಮದಾಬಾದಿಗೆ ವರ್ಗವಾಯಿತು. ಕಳೆದ ವರ್ಷ ಅಣ್ಣ ಹೃದಯ ನಿಂತು ಹೋದರೆಂದು ಅವರ ತಂಗಿ ಫೋನ್ ಮಾಡಿದಾಗ ನನಗೆ ಹೊರಡಲಾಗಲಿಲ್ಲ. ಅಪ್ಪ ಆಗ ಅಹಮದಾಬಾದಿನ ಬೋಪಾಲ್ ಬಡಾವಣೆಯ ನನ್ನ ಮನೆಯಲ್ಲಿ ಮಲಗಿದ್ದರು. ಅವರಿಗೂ ಅದೇ ರೋಗ, ಡಾಕ್ಟರು ಹೇಳಿದ್ದೂ ಅದೇ ಮಾತು, ಹಾಸ್ಪಿಸ್. ನನ್ನ ತಮ್ಮಂದಿರು ಅಪ್ಪನಿಗೆ ತಿಳಿಸುವುದು ಬೇಡ, ಇನ್ನೊಂದು ಆಸ್ಪತ್ರೆ ನೋಡೋಣ ಎಂದು ಹಟ ಹಿಡಿದಿದ್ದರು.

ನಾನು ಅಪ್ಪನ ಮಂಚದ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅಪ್ಪ ನನ್ನತ್ತ ಹೊರಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ತೀರಿಹೋದ ಅಮ್ಮನ ವಿಷಯ ತೆಗೆದರು. ಹಾಗೆ ಅವರು ಅದುವರೆಗೆ ಎಂದೂ ಮಾತಾಡಿದ್ದಿಲ್ಲ.