ಬಿಸಿ ರೊಟ್ಟಿ ಕೇಳಿದವರು ಯಾರು?

ಓಡುವ ಬಸ್ಸಿನಲ್ಲಿ ಕೂತು ಅಕ್ಕಿ ರೊಟ್ಟಿ ತಿಂದಿದ್ದೀರಾ?

ಅದಕ್ಕೂ ಒಂದು ವಿದ್ಯೆ ಬೇಕು. ರೊಟ್ಟಿಗೆ ಚಟ್ನಿ ಸವರಿ, ಚಾಪೆಯ ಹಾಗೆ ಸುತ್ತಿ, ಕೆಳಗಿನ ತುದಿಯನ್ನು ಪೇಪರಿನಲ್ಲಿ ಬಿಗಿಯಾಗಿ ಹಿಡಿದು, ಡ್ರೈವರ್ ಬ್ರೇಕ್ ಹಾಕುವ ಮೊದಲು ಒಂದು ತುತ್ತು, ಹಾಕಿದ ಮೇಲೆ ಇನ್ನೊಂದು ತುತ್ತು. ನನ್ನ ಬಸ್ ಗೆಳತಿ ಸುಮಂಗಲಾ ಇದರಲ್ಲಿ ಪಿಎಚ್‌ಡಿ ಮಾಡಿದವಳು. ಶಿವಮೊಗ್ಗದಲ್ಲಿ ಬಸ್ ಹತ್ತಿ ಸೀಟು ಸಿಕ್ಕ ಕೂಡಲೇ ಶುರು ಮಾಡಿದರೆ, ಮಾಚೇನಹಳ್ಳಿ ಬರುವಷ್ಟರಲ್ಲಿ ತಿಂಡಿ ಮುಗಿದು, ಕೈ ಒರೆಸಿ, ಕೂದಲು ಸರಿ ಮಾಡಿಕೊಂಡು ಆಗಿರುತ್ತದೆ. ಅವಳ ಸೀರೆಯ ಮೇಲೆ ಒಂದು ಹನಿ ಚಟ್ನಿ ಬಿದ್ದದ್ದನ್ನು ನಾನಂತೂ ನೋಡಿಲ್ಲ.

"ಮನೇಲೇ ತಿಂದು ಬರೋಕಾಗಲ್ವೇನೇ?" ಅಂತ ಒಂದು ದಿನ ಕೇಳಿದ್ದೆ.

"ಎಲ್ಲಾಗುತ್ತೆ ಮಾರಾಯ್ತಿ? ಎಲ್ರಿಗೂ ಬಿಸಿ ಬಿಸಿ ಹಾಕೋಷ್ಟರಲ್ಲಿ ಬಸ್ಸಿನ ಟೈಮ್ ಆಗಿರುತ್ತೆ."

(ನನ್ನ ಬಸ್ಸಿನ ಪುರಾಣ ಓದಿ ಓದಿ ನಿಮಗೆ ಸಾಕಾಗಿರಬಹುದು. ಏನು ಮಾಡಲಿ, ಮನೆ ಶಿವಮೊಗ್ಗದಲ್ಲಿ, ನಾನು ಪಾಠ ಮಾಡುವ ಸ್ಕೂಲು ಭದ್ರಾವತಿಯಲ್ಲಿ. ನನ್ನ ಲೋಕಜ್ಞಾನವೆಲ್ಲ ನಡುವಿನ ರಸ್ತೆಯಲ್ಲೇ ಸಂಪಾದನೆಯಾದದ್ದು.)

ಎಲ್ಲರಿಗೂ ಬಿಸಿ ಬಿಸಿ ಅಂದರೇನು ಗೊತ್ತಲ್ಲ? ಅವಳನ್ನು ಬಿಟ್ಟರೆ ಮನೆಯಲ್ಲಿ ಇರುವವರು ಮೂವರೇ. ಅತ್ತೆ ಪಾರ್ವತಮ್ಮ ಪೂಜೆ ಮುಗಿಸಿ ಬರುತ್ತಾರೆ, ಅವರಿಗೆ ಹಂಚಿನಿಂದ ನೇರ ತಟ್ಟೆಗೆ ರೊಟ್ಟಿ. ಒಲೆ ಆಫ್. ಗಂಡ ರುದ್ರೇಶಣ್ಣ ಪೇಪರ್ ಓದಿ, ಸ್ನಾನ ಮಾಡಿ, ಹಾರ್ಡ್‌ವೇರ್ ಅಂಗಡಿಗೆ ಹೊರಡುವ ಮೊದಲು ಬರುತ್ತಾರೆ. ಒಲೆ ಮತ್ತೆ ಆನ್. ಪಿಯುಸಿ ಓದುವ ಮಗಳು ಕೊನೇ ಗಳಿಗೆಯಲ್ಲಿ ಒಂದು ಕೈಯಲ್ಲಿ ಜಡೆ ಹಿಡಿದುಕೊಂಡು ಓಡಿ ಬರುತ್ತಾಳೆ. ಮತ್ತೆ ಹಂಚು ಕಾಯಬೇಕು. ಇಷ್ಟರ ನಡುವೆ ಮೂರು ಡಬ್ಬಿ, ಒಂದು ಸಾರು, ಒಂದು ಪಲ್ಯ. ತಣ್ಣಗಾದ ರೊಟ್ಟಿ ತಿನ್ನುವವಳು ಮನೆಗೆಲ್ಲ ಒಬ್ಬಳೇ, ಅದೂ ಬಸ್ಸಿನಲ್ಲಿ.

ನಗಬೇಡಿ. ನಿಮ್ಮ ಮನೆಯಲ್ಲಿ ರೊಟ್ಟಿ ಬದಲು ದೋಸೆ ಇರಬಹುದು, ಅಷ್ಟೇ ವ್ಯತ್ಯಾಸ.

ಸುಮಂಗಲಾ ಕೆಲಸ ಮಾಡುವುದು ಭದ್ರಾವತಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ. ಸಣ್ಣ ಸಂಘ, ಸಣ್ಣ ಸಂಬಳ, ದೊಡ್ಡ ಕೆಲಸ. ಅವಳಿಗೆ ಒಂದೇ ಒಂದು ಆಸೆಯಿತ್ತು. ಒಂದಲ್ಲ ಒಂದು ದಿನ ಒಂದು ಬ್ರಾಂಚು ನೋಡಿಕೊಳ್ಳಬೇಕು ಅಂತ. ಕುರ್ಚಿಯ ಆಸೆ ಅಂದುಕೊಳ್ಳಬೇಡಿ. ಸಾಲ ಕೇಳಲು ಬರುವ ಹೆಂಗಸರನ್ನು ಹೇಗೆ ಮಾತಾಡಿಸಬೇಕು, ಅವರನ್ನು ಎಷ್ಟು ಹೊತ್ತು ನಿಲ್ಲಿಸಬಾರದು, ಎಲ್ಲ ಅವಳ ತಲೆಯಲ್ಲಿತ್ತು. ಅದಕ್ಕೆ ಬೇಕಾದ ಪರೀಕ್ಷೆಗೆ ಇದೇ ಬಸ್ಸಿನಲ್ಲಿ ಓದಿ ಪಾಸು ಮಾಡಿದಳು. ಮೊದಲ ಅರ್ಧ ದಾರಿ ರೊಟ್ಟಿ, ಉಳಿದರ್ಧ ದಾರಿ ಪುಸ್ತಕ. ರಿಸಲ್ಟ್ ಬಂದ ದಿನ ನಮಗೆಲ್ಲ ಮೈಸೂರುಪಾಕು ಹಂಚಿದ್ದಳು, ಕಂಡಕ್ಟರಿಗೂ ಒಂದು ಪೀಸು ಸಿಕ್ಕಿತ್ತು.

ಈ ವರ್ಷ ಆ ದಿನ ಬಂತು. ಶಂಕರಘಟ್ಟದ ಬ್ರಾಂಚಿಗೆ ಇನ್‌ಚಾರ್ಜ್ ಬೇಕು, ಹೋಗ್ತೀರೇನಮ್ಮ ಅಂತ ಕಾರ್ಯದರ್ಶಿಗಳು ಕರೆದು ಕೇಳಿದರಂತೆ. ಯೂನಿವರ್ಸಿಟಿ ಇರುವ ಊರು, ಒಳ್ಳೇ ವ್ಯವಹಾರ. ಭದ್ರಾವತಿಯಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯಬೇಕು, ಅಷ್ಟೇ. ಬೆಳಿಗ್ಗೆ ಸ್ವಲ್ಪ ಬೇಗ ಹೊರಡಬೇಕು, ಸಂಜೆ ಸ್ವಲ್ಪ ತಡ.

ಮಾರನೇ ದಿನ ಬಸ್ಸಿನಲ್ಲಿ ರೊಟ್ಟಿ ಕೈಯಲ್ಲೇ ಇತ್ತು, ಅವಳು ತಿನ್ನುತ್ತಿರಲಿಲ್ಲ.

"ಏನ್ ಮಾಡ್ಲಿ ಹೇಳೆ. ಈಗ್ಲೇ ಉಸಿರಾಡೋಕೆ ಟೈಮಿಲ್ಲ. ಇನ್ನೂ ಬೇಗ ಹೊರಟ್ರೆ ಮನೇಲಿ ತಿಂಡಿ ಕತೆ ಏನು? ಅತ್ತೆಗೆ ಬಿಸಿ ಇಲ್ದಿದ್ರೆ ಆಗಲ್ಲ. ಇವ್ರಿಗಂತೂ ಒಂದ್ ಲೋಟ ನೀರು ಕಾಯ್ಸೋಕೂ ಬರಲ್ಲ."

ನಾನೇನು ಹೇಳಬೇಕಿತ್ತು? ಮನೆಯಲ್ಲಿ ಒಂದು ಮಾತು ಕೇಳಿದೆಯಾ ಅನ್ನಬೇಕಿತ್ತು. ಅದು ಬಾಯಿಗೇ ಬರಲಿಲ್ಲ. ಯಾಕೆಂದರೆ ನಾನೂ ಅದೇ ಮಣ್ಣಿನ ಮಡಕೆ. ನಮ್ಮ ಮನೆಯಲ್ಲಿ ಯಾರಾದರೂ ಪಾತ್ರೆ ತೊಳೆದಿಟ್ಟರೆ ಅವರು ಆಚೆ ಹೋದ ಮೇಲೆ ಇನ್ನೊಂದು ಸಲ ತೊಳೆಯುವ ಹೆಂಗಸು ನಾನು. "ಹೌದು ಬಿಡು, ಕಷ್ಟ. ಮನೆ ನಡೀಬೇಕಲ್ಲ" ಅಂದೆ. ಅವಳ ಮುಖ ಹಗುರಾಯಿತು. ಒಪ್ಪಿಗೆ ಸಿಕ್ಕಿತಲ್ಲ ಅನ್ನುವ ಸಮಾಧಾನ.

ಅವತ್ತೇ ಹೋಗಿ ಬೇಡ ಸರ್ ಅಂದುಬಿಟ್ಟಳು. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ಹೇಗೂ ಆಗದ ಮಾತು, ಹೇಳಿ ಏನು ಪ್ರಯೋಜನ ಅಂತ ಅವಳ ತೀರ್ಮಾನ. ಮನೆಯವರ ಪರವಾಗಿ ಪ್ರಶ್ನೆಯನ್ನೂ ಅವಳೇ ಕೇಳಿಕೊಂಡು, ಉತ್ತರವನ್ನೂ ಅವಳೇ ಕೊಟ್ಟುಕೊಂಡಳು.

ಆ ಜಾಗಕ್ಕೆ ಹೋದವಳು ಶಾಹೀನಾ. ಅವಳೂ ನಮ್ಮ ಬಸ್ಸಿನವಳೇ, ಸುಮಂಗಲಾಗಿಂತ ಚಿಕ್ಕವಳು, ಸರ್ವೀಸಿನಲ್ಲೂ ಜೂನಿಯರ್. ಮನೆ ಕೋಟೆಯ ಹತ್ತಿರ. ಗಂಡನದು ಗ್ಯಾರೇಜು. ಎರಡು ಸಣ್ಣ ಮಕ್ಕಳು. "ಮನೇಲಿ ಹೇಗೆ ಮ್ಯಾನೇಜ್ ಮಾಡ್ತೀಯೇ?" ಅಂತ ಸುಮಂಗಲಾ ಕೇಳಿದಳು. ಕೇಳಿದ ರೀತಿಯಲ್ಲಿ ಆಶ್ಚರ್ಯಕ್ಕಿಂತ ಸ್ವಲ್ಪ ಹೆಚ್ಚೇ ಏನೋ ಇತ್ತು.

"ಬೆಳಿಗ್ಗೆ ನಮ್ಮನೇಲಿ ಬನ್ನು, ಚಾ ಅಕ್ಕಾ. ಭಾನುವಾರ ಮಾತ್ರ ನಾಷ್ಟಾ. ಮಕ್ಕಳನ್ನ ಸ್ಕೂಲಿಗೆ ಬಿಡೋದು ಅವರದ್ದೇ ಡ್ಯೂಟಿ. ಮೊದಲ ವಾರ ಗಲಾಟೆ ಆಯ್ತು. ಈಗ ಯಾರೂ ಕೇಳಲ್ಲ."

ಬರೀ ಬನ್ನಾ? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಾಪ ಮಕ್ಕಳು ಅನ್ನುವ ನೋಟ ಅದು. ನಾಚಿಕೆಯಾಗಬೇಕು ನಮಗೆ.

ಒಂದು ತಿಂಗಳು ಕಳೆದಿತ್ತು ಅಷ್ಟೇ. ಸುಮಂಗಲಾ ಮಲಗಿಬಿಟ್ಟಳು. ಚಿಕುನ್‌ಗುನ್ಯಾ. ಜ್ವರವೇನೋ ಕೆಲವೇ ದಿನಕ್ಕೆ ಇಳಿಯಿತು, ಗಂಟುನೋವು ಮಾತ್ರ ಬಿಡಲಿಲ್ಲ. ಕಾಲು ಊರುವ ಹಾಗಿಲ್ಲ, ಬೆರಳು ಮಡಚುವ ಹಾಗಿಲ್ಲ. ಬೆರಳು ಮಡಚಲಾಗದವಳು ಲಟ್ಟಣಿಗೆ ಹಿಡಿಯುವುದು ಹೇಗೆ?

ಒಂದು ಭಾನುವಾರ ದಾಳಿಂಬೆ ತಗೊಂಡು ವಿನೋಬನಗರದ ಅವಳ ಮನೆಗೆ ಹೋದೆ. ಮನೆ ಅಲ್ಲೋಲಕಲ್ಲೋಲವಾಗಿರುತ್ತದೆ, ಒಂದಿಷ್ಟು ಅಡುಗೆ ಮಾಡಿಟ್ಟು ಬರೋಣ ಅಂತ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಬಾಗಿಲು ತೆಗೆದ ರುದ್ರೇಶಣ್ಣನ ಎರಡೂ ಕೈ ಅಕ್ಕಿ ಹಿಟ್ಟು. ಹೆಗಲ ಮೇಲೆ ಟವಲು.

"ಬನ್ನಿ ಟೀಚರ್, ಸರಿಯಾದ ಟೈಮಿಗೇ ಬಂದ್ರಿ. ಕೂತ್ಕೊಳಿ, ರೊಟ್ಟಿ ತಿನ್ನಿರಂತೆ."

ನೀರು ಕಾಯಿಸಲು ಬಾರದ ಮನುಷ್ಯ! ಅಡುಗೆಮನೆಯಲ್ಲಿ ಇಣುಕಿ ನೋಡಿದೆ. ಎಲ್ಲರಿಗೂ ಬೇಕಾದ ರೊಟ್ಟಿಯನ್ನು ಒಂದೇ ಸಲ ಮಾಡಿ, ಬಟ್ಟೆಯಲ್ಲಿ ಸುತ್ತಿ, ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಿಡುತ್ತಿದ್ದರು. ಮಗಳು ಬಂದು ತಾನೇ ಬಡಿಸಿಕೊಂಡು ಹೋದಳು. ತಿಂದ ತಟ್ಟೆಯನ್ನು ತೊಳೆದೂ ಇಟ್ಟಳು. ನನ್ನ ತಟ್ಟೆಗೆ ಬಂದ ರೊಟ್ಟಿ ದಪ್ಪಗಿತ್ತು, ಅಂಚು ಒಡೆದಿತ್ತು, ಅಲ್ಲಲ್ಲಿ ಕರಕಲು. ತಿನ್ನಲಿಕ್ಕೆ ಏನೂ ತೊಂದರೆಯಿರಲಿಲ್ಲ.

ಸುಮಂಗಲಾ ದಿವಾನದ ಮೇಲೆ ಒರಗಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. "ಉರಿ ಸಣ್ಣ ಮಾಡ್ರೀ" ಅಂತ ಒಂದು ಸಲ ಕೂಗಿದಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಪಾರ್ವತಮ್ಮ ಪೂಜೆ ಮುಗಿಸಿ ಬಂದು ಕೂತರು. ತಟ್ಟೆಗೆ ಹಾಟ್‌ಬಾಕ್ಸಿನ ರೊಟ್ಟಿ ಬಿತ್ತು. ಅವರು ಮುರಿದು, ಪಲ್ಯಕ್ಕೆ ಅದ್ದಿ, ನೆಮ್ಮದಿಯಾಗಿ ತಿನ್ನತೊಡಗಿದರು.

ಸುಮಂಗಲಾಗೆ ತಡೆಯಲಾಗಲಿಲ್ಲ. "ಅತ್ತೆ, ನಿಮ್ಗೆ ತಣ್ಣಗಿರೋದು ಆಗಲ್ವಲ್ಲ?"

ಪಾರ್ವತಮ್ಮ ತಲೆ ಎತ್ತಿದರು. ಅವರಿಗೆ ಪ್ರಶ್ನೆಯೇ ಅರ್ಥವಾದ ಹಾಗೆ ಕಾಣಲಿಲ್ಲ.

"ಬಿಸಿ ಬೇಕು ಅಂತ ನಾನ್ಯಾವತ್ತು ಕೇಳಿದ್ನೇ ತಾಯಿ? ನೀನು ಹಾಕ್ತಿದ್ದೆ, ನಾವು ತಿಂತಿದ್ವಿ."

ಅಷ್ಟೇ. ಬೈಗುಳವಿಲ್ಲ, ಕೊಂಕಿಲ್ಲ. ಆ ಮಾತನ್ನು ಹೇಳಿ ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಸುಮಂಗಲಾ ಮುಖ ಗೋಡೆಯ ಕಡೆ ತಿರುಗಿಸಿದಳು. ಅವಳು ಅಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಗಂಟುನೋವಿಗೆ ಅಂತ ಮಿಕ್ಕವರು ಅಂದುಕೊಂಡರು.

ಇಷ್ಟು ವರ್ಷ ಎದ್ದದ್ದು, ಓಡಿದ್ದು, ಬಸ್ಸಿನಲ್ಲಿ ತುತ್ತು ನುಂಗಿದ್ದು ಯಾರಿಗೋಸ್ಕರ? ಯಾರೂ ಕೇಳದೇ ಇದ್ದದ್ದಕ್ಕೋಸ್ಕರವೇ? ನನ್ನ ರೊಟ್ಟಿ ಇಲ್ಲದೆ ಇವರಿಗೆ ನಡೆಯುವುದಿಲ್ಲ ಅಂದುಕೊಂಡವಳಿಗೆ, ಅದಿಲ್ಲದೆಯೂ ನಡೆಯುವುದನ್ನು ನೋಡಿಕೊಂಡು ಮಲಗಿರುವುದು ಸುಲಭವಲ್ಲ.

ಹಾಗಂತ ತಪ್ಪೆಲ್ಲ ಅವಳದೇ ಅಂತ ಷರಾ ಬರೆಯಲು ನಾನು ತಯಾರಿಲ್ಲ. ಅವರು ಕೇಳಲಿಲ್ಲ ನಿಜ. ಬೇಡ ಅಂತಲೂ ಹೇಳಲಿಲ್ಲವಲ್ಲ! ಹಂಚಿನಿಂದ ತಟ್ಟೆಗೆ ಬೀಳುತ್ತಿದ್ದ ರೊಟ್ಟಿಯನ್ನು ಮುರಿಯುವಾಗ, ನೀನು ತಿಂದೆಯಾ ಅಂತ ಒಬ್ಬರಾದರೂ ಕೇಳಬಹುದಿತ್ತು. ರುದ್ರೇಶಣ್ಣ ಒಳ್ಳೆಯವರೇ. ಹೆಂಡತಿ ಮಲಗಿದ ಮೇಲೆ ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕರಿಸುವುದನ್ನು ಕಲಿತ ಕೈ, ಅವಳು ನಿಂತಿದ್ದಾಗ ಯಾಕೆ ಕಲಿಯಲಿಲ್ಲ? ಇದನ್ನು ಅವರನ್ನೇ ಕೇಳಿದೆ.

"ಎಲ್ ಬಿಡ್ತಿದ್ಲು ಟೀಚರ್? ಒಳಗ್ ಕಾಲಿಟ್ರೆ ಸಾಕು, ನೀವ್ ಸುಮ್ನೆ ಅಡ್ಡ ಬರ್ಬೇಡಿ ಆಚೆ ಹೋಗಿ ಅನ್ನೋಳು. ನಾನೂ ಒಳ್ಳೇದೇ ಆಯ್ತು ಅಂತ ಆಚೆ ಹೋಗ್ತಿದ್ದೆ."

ಪ್ರಾಮಾಣಿಕ ಮನುಷ್ಯ. ಒಳ್ಳೇದೇ ಆಯ್ತು ಅನ್ನುವುದನ್ನೂ ಮುಚ್ಚಿಡಲಿಲ್ಲ.

ಶಂಕರಘಟ್ಟದ ವಿಷಯ ಹೊರಬಿದ್ದದ್ದೂ ಅದೇ ವಾರ. ನೋಡಲು ಬಂದಿದ್ದ ಶಾಹೀನಾ ಮಾತಿನ ನಡುವೆ, "ಅಕ್ಕ ಬೇಡ ಅಂದಿದ್ದಕ್ಕೆ ನಂಗೆ ಸಿಕ್ತು" ಅಂದಳಂತೆ. ಅವಳು ಹೋದ ಮೇಲೆ ರುದ್ರೇಶಣ್ಣ, "ನಂಗೊಂದು ಮಾತು ಹೇಳ್ಬಾರ್ದಿತ್ತಾ? ನಾನು ಬೇಡ ಅಂತಿದ್ನಾ?" ಅಂತ ಕೇಳಿದರಂತೆ. ಅನ್ನುತ್ತಿದ್ದರೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ.

ನಮ್ಮ ಸ್ಕೂಲಿಗೆ ಮಹಿಳಾ ದಿನಾಚರಣೆಗೆ ಭಾಷಣ ಮಾಡಲು ಒಬ್ಬ ಮೇಡಂ ಬಂದಿದ್ದರು. ದುಡಿಯುವ ಮಹಿಳೆಯರೇ, ನಿಮ್ಮ ಮೈಂಡ್‌ಸೆಟ್ ಬದಲಿಸಿ, ಒತ್ತಡ ತಾನಾಗಿಯೇ ಓಡಿಹೋಗುತ್ತದೆ ಅಂದರು. ದಿನಾ ಕನ್ನಡಿ ಮುಂದೆ ನಿಂತು ನಗಬೇಕಂತೆ. ನಾವೆಲ್ಲ ಸ್ಟಾಫ್ ರೂಮಿಗೆ ಬಂದು ಬಿದ್ದು ಬಿದ್ದು ನಕ್ಕಿದ್ದೆವು, ಕನ್ನಡಿ ಇಲ್ಲದೆಯೇ. ಕನ್ನಡಿಯ ಮುಂದೆ ನಿಲ್ಲಲು ಟೈಮ್ ಇದ್ದವರಿಗೆ ಒತ್ತಡ ಯಾಕಿರುತ್ತದೆ ಹೇಳಿ?

ಈಗ ನನಗೆ ಆ ನಗು ಅಷ್ಟು ಸಲೀಸಾಗಿ ಬರುತ್ತಿಲ್ಲ. ಆಕೆ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ನಮ್ಮ ತಲೆಯ ಮೇಲಿರುವ ಹೊರೆಯಲ್ಲಿ ಒಂದಿಷ್ಟು ಬೇರೆಯವರು ಹೊರಿಸಿದ್ದು, ಒಂದಿಷ್ಟು ನಾವೇ ಎತ್ತಿಟ್ಟುಕೊಂಡದ್ದು. ಯಾವುದು ಯಾವುದೆಂದು ಇಳಿಸಿ ನೋಡುವುದೇ ಇಲ್ಲ ನಾವು. ನಾನಿಲ್ಲದಿದ್ದರೆ ಮನೆ ನಡೆಯುವುದಿಲ್ಲ ಅನ್ನುವುದರಲ್ಲಿ ಸುಸ್ತು ಎಷ್ಟಿದೆಯೋ ಅಷ್ಟೇ ಜಂಬವೂ ಇದೆ. ಆ ಜಂಬವನ್ನು ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ. ನಿಜ ಹೇಳಿ, ನಿಮಗಿದೆಯೇ?

ನಾನೂ ಪ್ರಯತ್ನಪಟ್ಟೆ. ಕಳೆದ ವಾರ ನಮ್ಮವರು ಪಾತ್ರೆ ತೊಳೆದಿಟ್ಟರು. ಕುಕ್ಕರಿನ ಮುಚ್ಚಳದ ಅಂಚಿನಲ್ಲಿ ಬೇಳೆ ಅಂಟಿತ್ತು. ಕೈ ಕಡಿಯುತ್ತಿತ್ತು. ತೊಳೆಯದೆ ಹಾಗೇ ಬಂದು ಕೂತೆ. (ಆಮೇಲೆ ಎದ್ದು ಹೋಗಿ ಮುಚ್ಚಳ ಒಂದನ್ನು ಮಾತ್ರ ತೊಳೆದೆ. ಇಷ್ಟು ಪ್ರಗತಿ ಸಾಲದೇ?)

ಸುಮಂಗಲಾ ಈಗ ಮತ್ತೆ ಬಸ್ಸಿಗೆ ಬರುತ್ತಿದ್ದಾಳೆ. ಮನೆಯಲ್ಲೇ ಕೂತು ತಿಂಡಿ ತಿಂದು ಬರುತ್ತಾಳೆ. ರೊಟ್ಟಿ ಗಂಡನದೇ, ಅದು ಇನ್ನೂ ದಪ್ಪವೇ. ಡಬ್ಬಿ ಮಗಳು ಕಟ್ಟುತ್ತಾಳೆ, ಉಪ್ಪು ಕೆಲವು ದಿನ ಹೆಚ್ಚು, ಕೆಲವು ದಿನ ಇಲ್ಲವೇ ಇಲ್ಲ. ಅವಳು ಏನೂ ಅನ್ನುವುದಿಲ್ಲ. ಮೊದಲಿನ ಹಾಗೆ ಏದುಸಿರು ಬಿಡುತ್ತಾ ಬಸ್ ಹತ್ತುವುದಿಲ್ಲ. ಕಿಟಕಿಯಾಚೆ ನೋಡುತ್ತಾಳೆ, ನಿದ್ದೆ ಬಂದರೆ ನನ್ನ ಹೆಗಲಿಗೆ ಒರಗುತ್ತಾಳೆ. "ಬೆಳಿಗ್ಗೆ ಇಷ್ಟು ಹೊತ್ತು ಇರುತ್ತೆ ಅಂತಾನೇ ಗೊತ್ತಿರ್ಲಿಲ್ಲ ಕಣೇ" ಅನ್ನುತ್ತಾಳೆ. ಶಂಕರಘಟ್ಟಕ್ಕೆ ಹೋಗಿಬರಲು ಬೇಕಾಗಿದ್ದಷ್ಟು ಹೊತ್ತು ಈಗ ಅವಳ ಬಳಿ ಇದೆ. ಹೋಗಲಿಕ್ಕೆ ಶಂಕರಘಟ್ಟವಿಲ್ಲ. ಅಂಥ ಜಾಗ ಮತ್ತೆ ಖಾಲಿಯಾಗುವ ಹೊತ್ತಿಗೆ ಸುಮಂಗಲಾ ರಿಟೈರ್ ಆಗಿರುತ್ತಾಳೆ.

ಮೊನ್ನೆ ನಾವಿಬ್ಬರೂ ಬೇಗ ಹೊರಟು ಶಾಹೀನಾಳ ಬಸ್ಸಿಗೇ ಹತ್ತಿದ್ದೆವು, ಭದ್ರಾವತಿ ಸ್ಟ್ಯಾಂಡಿನಲ್ಲಿ ಮೂವರೂ ಒಟ್ಟಿಗೆ ಇಳಿದೆವು. ಶಂಕರಘಟ್ಟದ ಬಸ್ ಹೊರಡುವುದರಲ್ಲಿತ್ತು. ಶಾಹೀನಾ ಬ್ಯಾಗು ಎದೆಗವಚಿಕೊಂಡು ಓಡಿದಳು. "ಬರ್ತೀನಿ ಅಕ್ಕಾ" ಅಂತ ಫುಟ್‌ಬೋರ್ಡಿನಿಂದ ಕೂಗಿದಳು. ಸುಮಂಗಲಾ ಕೈ ಬೀಸಿದಳು. ಬೆರಳು ಇನ್ನೂ ಪೂರ್ತಿ ಬಿಡಿಸಲು ಬರುತ್ತಿಲ್ಲ. ಆ ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಳು. ನಾನೂ ನಿಂತೆ. ಹೇಳಬೇಕಾಗಿದ್ದ ದಿನ ನಾನು ಹೇಳಿದ್ದು ಏನು ಅನ್ನುವುದು ಇಬ್ಬರಿಗೂ ನೆನಪಿತ್ತು.

ಅವಳೇ ನನ್ನ ಕಡೆ ತಿರುಗಿದಳು.

"ಅಲ್ವೇ ಮಾರಾಯ್ತಿ, ಈ ಸುಡುಗಾಡು ಜ್ವರಕ್ಕೆ ಒಂದು ತಿಂಗಳು ಮುಂಚೆ ಬರೋಕೇನಾಗಿತ್ತು?"