ಗಿಟಾರ್ ಮಾಸ್ತರರ ಸಭೆಗೆ ಹೋಗಿ ಬಂದದ್ದು

ಭಟ್ಕಳದಲ್ಲಿ ಬಸ್ಸು ಹತ್ತಿದಾಗ ಮಳೆಗಾಲ ಮುಗಿದ ಮೇಲಿನ ಸೆಕೆ ಬೆಳಿಗ್ಗೆಯೇ ಶುರುವಾಗಿತ್ತು. ನನಗೆ ಗಿಟಾರ್ ಕಲಿಸಿದ ವಸಂತ ಮಾಸ್ತರರು ತೀರಿಕೊಂಡು ತಿಂಗಳಾಗಿತ್ತು. ಕುಮಟೆಯ ಸಭಾಭವನದಲ್ಲಿ ಅವರ ಶ್ರದ್ಧಾಂಜಲಿ ಸಭೆ. ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೇಟು ಕೊಟ್ಟು, ಪಕ್ಕದ ಸೀಟಿನಲ್ಲಿದ್ದ ಗಿಟಾರ್ ಚೀಲ ನೋಡಿ, "ಇದ್ಕೆ ಪುಕ್ಕಟೆ ಇಲ್ಲ ಅಕ್ಕಾ, ಮಡಿಲ ಮೇಲೆ ಇಟ್ಕಣಿ" ಎಂದ.

ಹೊನ್ನಾವರಕ್ಕೆ ನಲವತ್ತು ಕಿಲೋಮೀಟರ್. ಶಾಲೆಗೆ ಹೋಗುವ ಕಾಲದಲ್ಲಿ ಪ್ರತಿ ಭಾನುವಾರ ಇದೇ ದಾರಿಯಲ್ಲಿ ಬರುತ್ತಿದ್ದೆ. ಮಾಸ್ತರರು ಕುಮಟೆಯಿಂದ ಹೊನ್ನಾವರಕ್ಕೆ ಬಂದು ಒಂದು ಟೈಲರ್ ಅಂಗಡಿಯ ಮಹಡಿಯಲ್ಲಿ ಕಲಿಸುತ್ತಿದ್ದರು. ಮೊದಲ ತಿಂಗಳು ತಂತಿ ಮುಟ್ಟಲು ಬಿಡಲಿಲ್ಲ. ಸ್ವರ ಬಾಯಲ್ಲಿ ಬಂದ ಮೇಲೆಯೇ ಬೆರಳಿಗೆ. "ಕೈ ಗಡಿಬಿಡಿ ಮಾಡ್ತದೆ, ಕಿವಿ ಮಾಡೂದಿಲ್ಲ" ಎನ್ನುತ್ತಿದ್ದರು. ಇವತ್ತು ನಾನು ಶಾಲೆಯಲ್ಲಿ ಸಂಗೀತ ಕಲಿಸಿ ಬದುಕುತ್ತಿರುವುದು ಅವರಿಂದ.

ಹೊನ್ನಾವರದಲ್ಲಿ ಗಣಪತಿ ಕಾಯುತ್ತಿದ್ದ. ಮಾವಿನಕುರ್ವೆಯವನು, ಆ ಮಹಡಿಯಲ್ಲಿ ನನ್ನ ಜೊತೆ ಕಲಿತವನು, ಈಗ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ಅವನ ಹೆಗಲಲ್ಲೂ ಗಿಟಾರ್. ಕ್ಯಾಂಟೀನಿನಲ್ಲಿ ಬನ್ಸ್ ತಿಂದು ಚಹಾ ಕುಡಿದೆವು. ಎರಡು ಗಿಟಾರಿಗೆಂದೇ ಮಾಸ್ತರರು ಒಂದು ರಾಗ ಕಟ್ಟಿದ್ದರು. ಅದು ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ಬಾರಿಸಲು ಐದು ನಿಮಿಷ ಕೊಡುತ್ತೇವೆಂದು ಸಭೆಯವರು ಫೋನಿನಲ್ಲಿ ಒಪ್ಪಿದ್ದರು.

"ಖರೇ ಕೊಡ್ತ್ರನೆ?" ಎಂದ ಗಣಪತಿ.

"ಕೊಡ್ತೇವೆ ಅಂದಿದ್ದಾರಲ್ಲ" ಎಂದೆ.

ಮತ್ತೆ ಇಪ್ಪತ್ತು ಕಿಲೋಮೀಟರ್ ದಾಟಿ ಕುಮಟೆ ಮುಟ್ಟಿದೆವು. ವೇದಿಕೆಯ ಬ್ಯಾನರಿನಲ್ಲಿ ಮಾಸ್ತರರ ಮುಖವನ್ನು ಯಾರದೋ ಕೋಟು ಟೈ ಹಾಕಿದ ಮೈಗೆ ಅಂಟಿಸಿದ್ದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸುಮಿತ್ರಮ್ಮ ಒಬ್ಬರೇ ಕುಳಿತಿದ್ದರು. ನಮ್ಮನ್ನು ಹತ್ತಿರ ಕರೆದು, "ಫೋಟೋದಲ್ಲಿ ಗಿಟಾರ್ ಹಿಡಕಂಡಿದ್ರು. ಅದನ್ನೇ ಕತ್ತರಿಸಿ ಬಿಟ್ಟಿದ್ದಾರೆ" ಎಂದರು.

ಭವನದ ಅಧ್ಯಕ್ಷರು ಮಾತಿಗೆ ನಿಂತರು. ಇದೇ ಭವನದ ಹಿಂದಿನ ಕೋಣೆಯನ್ನು ಕ್ಲಾಸಿಗೆ ಕೊಡಿ ಎಂದು ಮಾಸ್ತರರು ಮತ್ತೆ ಮತ್ತೆ ಕೇಳಿಕೊಂಡಿದ್ದರು. "ಆ ಟಿಂಗ್ ಟಿಂಗ್ ನಮ್ಮ ಸಂಸ್ಕೃತಿ ಅಲ್ಲ" ಎಂದು ಹಿಂದೆ ಕಳಿಸಿದವರು ಇವರೇ. ಅದಕ್ಕೇ ಮಾಸ್ತರರು ತಮ್ಮೂರು ಬಿಟ್ಟು ಹೊನ್ನಾವರದ ಮಹಡಿ ಹಿಡಿದದ್ದು. ಈಗ ಅಧ್ಯಕ್ಷರು, "ವಸಂತ ಮಾಸ್ತರರು ಈ ಭವನದ ಆಸ್ತಿ" ಎಂದರು. ಚಪ್ಪಾಳೆ ಬಿತ್ತು. ಭಾಷಣದ ಮೇಲೆ ಭಾಷಣ ನಡೆದು ಕೊನೆಗೆ ನಿರೂಪಕ ನಮ್ಮ ಬಳಿ ಬಗ್ಗಿ, "ಬೇಜಾರ ಮಾಡ್ಕಣಬೇಡಿ, ಟೈಮ್ ಆತು. ಊಟ ತಣಿತದೆ" ಎಂದ.

ಜನ ಊಟಕ್ಕೆ ಎದ್ದರು. ನಾವು ಹೊರಗೆ ಮೆಟ್ಟಿಲಿಗೆ ಬಂದೆವು. ಹಿಂದೆಯೇ ಬಂದ ಸುಮಿತ್ರಮ್ಮ ಬಿಸಿಲಲ್ಲೇ ಕುಳಿತು, "ಅವ್ರಿಗೆ ಬೇಡದಿದ್ರೆ ಬೇಡ. ನನಗೆ ಬೇಕು. ಬಾರ್ಸಿ" ಎಂದರು.

ಬಾರಿಸಿದೆವು. ಗಣಪತಿ ಮೊದಮೊದಲು ಗಡಿಬಿಡಿ ಮಾಡಿದ, ಆಮೇಲೆ ಲಯಕ್ಕೆ ಬಂದ. ಸುಮಿತ್ರಮ್ಮ ಕಣ್ಣು ಮುಚ್ಚಿರಲಿಲ್ಲ. ನಮ್ಮ ಬೆರಳುಗಳನ್ನೇ ನೋಡುತ್ತಿದ್ದರು.

ರಾಗ ಮುಗಿಯುವಾಗ ಅಧ್ಯಕ್ಷರು ಕೈ ಒರೆಸುತ್ತ ಕಾರಿನತ್ತ ಹೊರಟಿದ್ದರು. ಒಂದು ಗಳಿಗೆ ನಿಂತು, ತಲೆದೂಗಿ, "ಭಾಳ ಚಲೋ ಬಾರಿಸ್ತ್ರಿ. ಯಾರು ಕಲಿಸಿದ್ದು?" ಎಂದು ಕೇಳಿದರು.

ಸುಮಿತ್ರಮ್ಮ ಎದ್ದು ಸೀರೆಯ ಧೂಳು ಕೊಡವಿಕೊಂಡರು. "ಹೊತ್ತಾತು ಮಕ್ಕಳೆ, ಬಸ್ಸು ತಪ್ಪಿಸ್ಕಣಬೇಡಿ" ಎಂದು ಹೇಳಿ, ಅಧ್ಯಕ್ಷರ ಮುಂದೆಯೇ ಹಾದು ರಸ್ತೆಗಿಳಿದರು. ಅಧ್ಯಕ್ಷರು ಉತ್ತರಕ್ಕೆ ಕಾಯದೆ ಕಾರು ಹತ್ತಿದರು.

ಮರಳುವ ಬಸ್ಸು ಹತ್ತಿದೆವು. ಹೊನ್ನಾವರದಲ್ಲಿ ಇಳಿಯುವಾಗ ಗಣಪತಿ, "ಇನ್ನು ಕುಮಟೆಗೆ ನನ್ನ ಕರೀಬೇಡ" ಎಂದ. ಬಸ್ಸು ಹೊರಟಿತು. ಅವನು ಗಿಟಾರ್ ಹೆಗಲಿಗೇರಿಸಿ ನಡೆಯುತ್ತಿದ್ದುದು ಕಿಟಕಿಯಿಂದ ಕಂಡಿತು. ಕೈ ಬೀಸಿದೆ. ಅವನು ತಿರುಗಿ ನೋಡಲಿಲ್ಲ.