ಆಣೆಯ ರೊಟ್ಟಿ

ತುರ್ತು ಪರಿಸ್ಥಿತಿ ಬರುವುದಕ್ಕೆ ಹಿಂದಿನ ವರ್ಷದ ಮಾತು. ಈಗಿನ ವಿಜಯಪುರವನ್ನು ಆಗ ನಾವೆಲ್ಲ ವಿಜಾಪುರ ಎನ್ನುತ್ತಿದ್ದೆವು. ಗಾಂಧಿ ಚೌಕದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇತ್ತು. ಅಪ್ಪ ಗಾದಿಯ ಮೇಲೆ ಕೂರುತ್ತಿದ್ದರು, ನಾನು ಅರಿವೆ ಅಳೆದು ಕೊಡುತ್ತಿದ್ದೆ. ಅಣ್ಣ ಅಂಗಡಿಗೆ ಬರುವುದನ್ನು ಬಿಟ್ಟು ಲಂಚಕೋರರ ವಿರುದ್ಧದ ಚಳವಳಿಗೆ ಸೇರಿದ್ದ.

ಆ ಚಳವಳಿಯನ್ನು ಜನ ಮೆಚ್ಚಿದ್ದರಲ್ಲಿ ತಪ್ಪೇನಿರಲಿಲ್ಲ. ಬರ ಆಗಷ್ಟೇ ಮುಗಿದಿತ್ತು. ರೇಷನ್ ಸಕ್ಕರೆ, ಚಿಮಣಿ ಎಣ್ಣೆ ಯಾವ ಬಾಗಿಲಿನಿಂದ ಬಂದು ಯಾವ ಬಾಗಿಲಿನಿಂದ ಹೋಗುತ್ತವೆಂದು ಎಲ್ಲರೂ ಬಲ್ಲವರೇ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈ ಹುಡುಗರು ಕೇಳಿದರು.

ಕೇಳುವುದಕ್ಕೆ ಅವರದೇ ಒಂದು ರೀತಿ ಇತ್ತು. ಊರಿನ ಎಲ್ಲ ಓಣಿಗಳಿಂದ ಒಂದೊಂದು ಕಟಕ ರೊಟ್ಟಿ, ಎಂದರೆ ಒಣಗಿಸಿದ ಜೋಳದ ರೊಟ್ಟಿ, ಕೂಡಿಸಿ ಬುಟ್ಟಿಯಲ್ಲಿಟ್ಟು ಬಿಳಿ ಅರಿವೆ ಮುಚ್ಚುತ್ತಿದ್ದರು. ಯಾರ ಮೇಲೆ ಸಂಶಯವೋ ಅವನು ಜನರ ಮುಂದೆ ನಿಂತು ಅದರಲ್ಲೊಂದನ್ನು ಮುರಿಯಬೇಕು. ‘ಬಡವರ ಪಾಲು ತಿಂದಿದ್ದರೆ ಈ ರೊಟ್ಟಿ ನನಗೆ ದಕ್ಕದಿರಲಿ’ ಎಂದು ಹೇಳಿ ತುಣುಕನ್ನು ನುಂಗಬೇಕು. ಈ ಉಪಾಯ ಅಣ್ಣನದು. ದೇವರ ಹೆಸರು ತೆಗೆದರೆ ಯಾವ ದೇವರು ಎಂಬ ಮಾತು ಬರುತ್ತದೆ, ರೊಟ್ಟಿಗೆ ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲ ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ನನಗೂ ಅದು ಸರಿ ಎನಿಸಿತ್ತು.

ಶ್ರಾವಣದ ಒಂದು ಸೋಮವಾರ ಬುಟ್ಟಿ ಬಬಲೇಶ್ವರಕ್ಕೆ ಹೋಯಿತು. ನಾನೂ ಅಣ್ಣನ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಅಲ್ಲಿಯ ರೇಷನ್ ಅಂಗಡಿಯವನನ್ನು ಕಟ್ಟೆಯ ಮುಂದೆ ಕರೆಸಿದರು. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ನಡುವಯಸ್ಸಿನ ಮನುಷ್ಯ. ಬುಟ್ಟಿಯ ಮೇಲಿನ ಅರಿವೆ ಸರಿಸಿದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಇವತ್ತ ಸ್ವಾಮಾರ ಐತ್ರಿ. ಶ್ರಾವಣ ಸ್ವಾಮಾರ. ಉಪಾಸ ಅದೀನಿ. ನಾಳಿ ಬೇಕಾರ ಬುಟ್ಟಿನ ಖಾಲಿ ಮಾಡ್ತೀನಿ.”

“ಸಕ್ರಿ ಮುಕ್ಕುವಾಗ ವಾರ ನೋಡಿದ್ದೇನೋ ಯಪ್ಪಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಜನ ನಕ್ಕರು.

ಅಣ್ಣ ನಗಲಿಲ್ಲ. “ನಾಳಿ ಬಾ ಅನ್ನೋದು ಕಚೇರಿ ಮಂದಿ ಮಾತ್ರಿ. ಇಲ್ಲಿ ನಡೆಯಂಗಿಲ್ಲ” ಎಂದ.

ಅಂಗಡಿಯವನು ಸುತ್ತ ನಿಂತವರ ಮುಖಗಳನ್ನು ನೋಡಿದ. ಆಮೇಲೆ ರೊಟ್ಟಿ ಮುರಿದು, ಹೇಳಬೇಕಾದ ಮಾತು ಹೇಳಿ, ಬಾಯಿಗೆ ಹಾಕಿಕೊಂಡ. ಒಣ ರೊಟ್ಟಿ ಗಂಟಲಲ್ಲಿ ಇಳಿಯದೆ ಬಹಳ ಹೊತ್ತು ಅಗಿದ. ಯಾರೂ ನೀರು ಕೊಡಲಿಲ್ಲ. ಅವನು ನುಂಗಿದ ಮೇಲೆ, ಆಣೆಯ ಪ್ರಕಾರ ಅವನು ಪಾರಾದಂತೆಯೇ ಆಗಿತ್ತು. ಆಗ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದಳು: “ಶ್ರಾವಣ ಸ್ವಾಮಾರ ಮುರದಾಂವ ಇನ್ನೇನ ಬಿಟ್ಟಾನಬೇ?”

ಅಷ್ಟೇ ಸಾಕಾಯಿತು. ಮರುದಿನ ಅವನ ಅಂಗಡಿಯ ಬಾಗಿಲಿಗೆ ಸಗಣಿ ಬಳಿದಿದ್ದರೆಂದು ಕೇಳಿದೆ. ಸುತ್ತಲಿನ ಮನೆಗಳವರು ಅವನನ್ನು ಮಾತಾಡಿಸುವುದನ್ನೂ ಬಿಟ್ಟರಂತೆ.

ನಮ್ಮೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪ್ರಾಧ್ಯಾಪಕರೊಬ್ಬರಿದ್ದರು. ಚಳವಳಿ ಹುಟ್ಟುವುದಕ್ಕೂ ಮುಂಚೆ ಅಧಿಕಾರಿಗಳ ಲಂಚದ ಬಗ್ಗೆ ವಾರಪತ್ರಿಕೆಗಳಲ್ಲಿ ಬರೆದವರು ಅವರೊಬ್ಬರೇ. ಅವರ ಭಾಷಣವೆಂದರೆ ಸಭಾಗೃಹದ ಕಿಟಕಿಗಳಲ್ಲೂ ಜನ ನಿಲ್ಲುತ್ತಿದ್ದರು. ಅಣ್ಣ ಅವರ ವಿದ್ಯಾರ್ಥಿ. ಅವರು ಧೋತರ ಕೊಳ್ಳಲು ನಮ್ಮ ಅಂಗಡಿಗೆ ಬಂದಾಗ ಬಬಲೇಶ್ವರದ ಸುದ್ದಿಯನ್ನು ನನ್ನಿಂದ ಪೂರ್ತಿ ಕೇಳಿಸಿಕೊಂಡರು. ನಡುನಡುವೆ ಪ್ರಶ್ನೆ ಹಾಕಿದರು. ಗೋದಾಮಿನಿಂದ ಬಂದ ಸಕ್ಕರೆ ಎಷ್ಟು, ಹಂಚಿದ್ದು ಎಷ್ಟು ಎಂದು ಯಾರಾದರೂ ಕೇಳಿದರೇ ಎಂದರು. ಇಲ್ಲ ಎಂದೆ.

“ಅಂವ ಕಳ್ಳ ಇರಬಹುದು” ಎಂದರು. “ಇಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ತಿನ್ನಲಿಲ್ಲಂದ್ರ ಕಳ್ಳ, ತಿಂದ್ರ ಧರ್ಮಗೇಡಿ. ಪಾರಾಗೋ ದಾರಿನ ಇಲ್ಲಂದ್ರ ಅದೆಂಥಾ ಪರೀಕ್ಷಾ? ಖರೇ ಕಳ್ಳ ಇದ್ರ ಮೂರ ರೊಟ್ಟಿ ತಿಂದು, ತೇಗಿ, ಚಟ್ನಿ ಐತೇನ್ರಿ ಅಂತ ಕೇಳ್ತಾನ. ಆಣಿಗೆ ಅಂಜಾಂವ ಕಳ್ಳನ ಆಗಬೇಕಂತಿಲ್ಲ. ನಿಮ್ಮ ಅಣ್ಣ ಕಳ್ಳರನ್ನ ಹುಡುಕಾಕತ್ತಿಲ್ಲ, ಅಂಜುವವರನ್ನ ಹುಡುಕಾಕತ್ತಾನ.”

ಇದನ್ನೇ ಅವರು ಒಂದು ವಾರಪತ್ರಿಕೆಯಲ್ಲಿ ಬರೆದರು. ಲಂಚಕ್ಕೆ ಮೊದಲ ಸಲ ಹೆದರಿಕೆ ಹುಟ್ಟಿಸಿದ್ದು ಈ ಚಳವಳಿಯೇ ಎಂದು ಒಪ್ಪಿಕೊಂಡು, ಲೆಕ್ಕ ಕೇಳುವ ಬದಲು ಆಣೆ ಕೇಳುವ ಜನ ನಾಳೆ ತಮಗೆ ಬೇಡಾದವರನ್ನೆಲ್ಲ ಕಟ್ಟೆಯ ಮುಂದೆ ನಿಲ್ಲಿಸುತ್ತಾರೆ ಎಂದು ಎಚ್ಚರಿಸಿದ್ದರು. ಊರು ಅದರಲ್ಲಿ ಎರಡನೆಯ ಮಾತನ್ನಷ್ಟೇ ಓದಿತು. ಇವರಿಗೆ ಈಗ ಯಾಕೆ ಕಳ್ಳರ ಮೇಲೆ ಕರುಣೆ ಎಂಬ ಪ್ರಶ್ನೆ ಚೌಕದಲ್ಲಿ ಎದ್ದಿತು. ಆ ಪ್ರಶ್ನೆ ನನ್ನಲ್ಲೂ ಇತ್ತು.

ಯಾಕೆಂದರೆ ನಾನು ಒಂದು ಸಂಗತಿ ನೋಡಿದ್ದೆ. ಬರಹ ಬಂದ ವಾರವೇ ತಿಕೋಟಾದ ದರ್ಜಿಯೊಬ್ಬರಿಗೆ ಬಟ್ಟೆಯ ಗಂಟು ಕೊಡಲು ಹೋಗಿದ್ದೆ. ಬಸ್ ನಿಲ್ಲುವ ಜಾಗದಲ್ಲಿ ಒಂದು ಜೀಪು ಬಂದು ನಿಂತಿತು. ಅದು ಆ ಭಾಗದ ದೊಡ್ಡ ಜಮೀನುದಾರರೊಬ್ಬರದು. ರೇಷನ್ ಅಂಗಡಿಗಳೆಲ್ಲ ಅವರ ಕೈಯಲ್ಲಿವೆ ಎಂದು ಚಳವಳಿಯವರು ಸಭೆ ಸಭೆಯಲ್ಲಿ ಹೇಳುತ್ತಿದ್ದರು. ಆ ಜೀಪಿನ ಮುಂದಿನ ಸೀಟಿನಿಂದ ಪ್ರಾಧ್ಯಾಪಕರು ಇಳಿದರು. ಜಮೀನುದಾರರು ಅದರಲ್ಲಿರಲಿಲ್ಲ, ಚಾಲಕನಿದ್ದ. ಪ್ರಾಧ್ಯಾಪಕರು ನನ್ನನ್ನು ನೋಡಲಿಲ್ಲ. ವಿಜಾಪುರದ ಬಸ್ಸು ಅದಕ್ಕೂ ಸ್ವಲ್ಪ ಮೊದಲು ಬಂದಿತ್ತು, ನಾನೇ ಅದರಲ್ಲಿ ಬಂದಿದ್ದೆ. ಕೂರಲು ಜಾಗವಿತ್ತು, ಅವರೂ ಅದರಲ್ಲೇ ಬರಬಹುದಿತ್ತು.

ಮನೆಯಲ್ಲಿ ಅಣ್ಣನಿಗೆ ಇದನ್ನು ಹೇಳಿದೆ. ನೋಡಿದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ಆದರೆ ಸಂಜೆ ಚಹಾದ ಅಂಗಡಿಗೆ ಹೋದಾಗ ಆ ಜೀಪಿನ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು.

“ಜೀಪಿನ್ಯಾಗ ಸಕ್ರಿ ಚೀಲ ಇದ್ವಂತ.”

“ಎಷ್ಟಲೇ?”

“ಎಷ್ಟ ಹಿಡಿತಾವ ಅಷ್ಟು.”

ಚೀಲ ಇರಲಿಲ್ಲ, ನಾನು ನೋಡಿದ್ದೇನೆ ಎಂದೆ. ಹೇಳುತ್ತಿದ್ದವನು ನನ್ನ ಬೆನ್ನು ತಟ್ಟಿದ. “ನೀ ಮುಂದಿನ ಸೀಟ ನೋಡೀದಿ ಬಿಡೋ. ಚೀಲ ಯಾರರ ಮುಂದ ಇಡತಾರೇನು?”

ಪ್ರಾಧ್ಯಾಪಕರು ಜನರ ಮುಂದೆ ಬಂದು ಉತ್ತರ ಕೊಡಬೇಕೆಂದು ಚಳವಳಿ ಕರೆ ಕೊಟ್ಟಿತು. ಗಾಂಧಿ ಚೌಕದಲ್ಲಿ, ನಮ್ಮ ಅಂಗಡಿಯ ಎದುರಿಗೇ ಸಭೆ. ಬರದಿದ್ದರೂ ನಡೆಯುತ್ತಿತ್ತು, ಬಂದರು. ಅವರಿಗೆ ಬೇಕಾಗಿದ್ದು ಆ ಮೈಕು. ತಮ್ಮ ಮಾತನ್ನು ಈ ಜನರಿಗೆ ಒಮ್ಮೆ ನೇರವಾಗಿ ಹೇಳಬೇಕೆಂದೇ ಬಂದಿದ್ದೇನೆ ಎಂದು ನಮ್ಮ ಅಂಗಡಿಯ ಮೆಟ್ಟಿಲಲ್ಲಿ ಅಪ್ಪನಿಗೆ ಹೇಳಿದರು. ಇಲ್ಲಿ ಬಾಯಿ ಮುಚ್ಚಿಸಿದರೆ ಈ ಊರಲ್ಲಿ ಅವರ ಮಾತು ಮುಗಿದಂತೆಯೇ ಎಂಬುದು ನಮಗೂ ಕಾಣುತ್ತಿತ್ತು.

ವೇದಿಕೆಯ ಮೇಲೆ ಮೊದಲು ಎದ್ದದ್ದು ಅಣ್ಣ. ಬುಟ್ಟಿ ಹಿಡಿದು ಅವರ ಮುಂದೆ ನಿಂತ.

“ಸರ್, ಮೊದಲು ರೊಟ್ಟಿ ಮುರೀರಿ. ಯಾರ ಕಡೆಯಿಂದನೂ ಏನೂ ತಗೊಂಡಿಲ್ಲ ಅನ್ರಿ. ಆಮ್ಯಾಲ ಎಷ್ಟ ಬೇಕಾದ್ರೂ ಮಾತಾಡ್ರಿ.”

“ತಗೊಂಡಿಲ್ಲ” ಎಂದರು ಅವರು. ಮೈಕಿನಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು. “ಇದು ನನ್ನ ಮಾತು. ಇದನ್ನ ನಂಬೋದಿದ್ರ ರೊಟ್ಟಿ ಬ್ಯಾಡ. ನಂಬದಿದ್ರ ರೊಟ್ಟಿಯಿಂದ ಆಗೂದೇನು?”

“ಮುರೀಲಿಕ್ಕೆ ಏನಾಗೇತ್ರಿ? ಇವತ್ತ ಸ್ವಾಮಾರ ಅಲ್ಲಲ್ಲ” ಎಂದು ಜನರ ನಡುವಿನಿಂದ ಒಂದು ದನಿ ಬಂತು. ನಗು ಎದ್ದಿತು.

ಮುರಿದರೆ ಅವರು ಬರೆದದ್ದನ್ನು ಅವರೇ ಅಳಿಸಿದಂತೆ. ಮುರಿಯದಿದ್ದರೆ ಜೀಪಿನ ಮಾತು ನಿಜವಾದಂತೆ. ಅವರು ಬುಟ್ಟಿಯನ್ನು ಮುಟ್ಟಲಿಲ್ಲ. “ಬಬಲೇಶ್ವರದಾಗ ಒಬ್ಬ ಮನುಷ್ಯಾ…” ಎಂದು ಶುರು ಮಾಡಿದರು. ಮೈಕು ಸತ್ತಿತು. ತಂತಿ ಕಿತ್ತರೋ, ಕರೆಂಟು ಹೋಯಿತೋ ನನಗೆ ಗೊತ್ತಿಲ್ಲ. ಚೌಕದ ಅಂಗಡಿಗಳಲ್ಲಿ ದೀಪಗಳಿದ್ದವು, ಅದಷ್ಟನ್ನು ನೋಡಿದೆ. ಅವರು ಮೈಕಿಲ್ಲದೆ ಮಾತಾಡಿದರು. ಮುಂದಿನ ಸಾಲಿನವರಿಗೆ ಕೇಳಿಸಿರಬಹುದು. ನನಗೆ ತುಟಿ ಆಡುವುದಷ್ಟೇ ಕಾಣಿಸಿತು. ಹಿಂದಿನವರು “ತಿನ್ರಿ, ತಿನ್ರಿ” ಎನ್ನತೊಡಗಿದರು. ಅಣ್ಣ ಬುಟ್ಟಿ ಕೆಳಗಿಟ್ಟು, ಅವರ ರಟ್ಟೆ ಹಿಡಿದು ವೇದಿಕೆಯಿಂದ ಇಳಿಸಿದ. ಜನರಿಂದ ಕಾಪಾಡಲೆಂದು ಹಿಡಿದನೋ, ಮಾತು ನಿಲ್ಲಿಸಲೆಂದು ಹಿಡಿದನೋ, ನಾನು ನಿಂತ ಜಾಗದಿಂದ ಎರಡೂ ಒಂದೇ ಥರ ಕಾಣುತ್ತಿತ್ತು.

ಆ ರಾತ್ರಿ ಎಲ್ಲರೂ ಊಟಕ್ಕೆ ಕುಳಿತೆವು. ಯಾರೂ ಕೇಳದೆ ಅಣ್ಣ ತಾನೇ ಹೇಳಿದ: “ಸರ್ ತಿಂದಿದ್ರೂ ನಾ ನಂಬ್ತಿದ್ದಿಲ್ಲ.”

“ಹಂಗಾರ ಯಾಕ ಬುಟ್ಟಿ ಹಿಡದ್ಯೋ?” ಎಂದು ಅವ್ವ ಕೇಳಿದಳು.

“ಮಂದಿ ನಂಬ್ತಿದ್ರು, ಬೇ.”

ಆ ವಾರವೇ ಅಣ್ಣ ಬುಟ್ಟಿಯೊಡನೆ ತಿಕೋಟಾಕ್ಕೆ ಹೋದ.

ಪ್ರಾಧ್ಯಾಪಕರನ್ನು ಆಮೇಲೆ ಯಾರೂ ಯಾವ ವೇದಿಕೆಗೂ ಕರೆಯಲಿಲ್ಲ. ಪತ್ರಿಕೆ ಅವರ ಬರಹ ನಿಲ್ಲಿಸಿತು. ದೀಪಾವಳಿ ಕಳೆದ ಮೇಲೆ ಬೇರೆ ಊರಿನ ಕಾಲೇಜಿಗೆ ಹೊರಟರು. ಪುಸ್ತಕ ಕಟ್ಟಲು ದಪ್ಪನೆಯ ಖಾದಿ ಬೇಕೆಂದು ಅಂಗಡಿಗೆ ಬಂದಿದ್ದರು. ನಾನು ಅಳೆಯುತ್ತಿದ್ದೆ. ಎದುರಿಗೆ ಬೇರೆ ಗಿರಾಕಿ ಇರಲಿಲ್ಲ.

“ತಿಕೋಟಾದಾಗ ನನ್ನ ನೋಡಿದಾಂವ ನೀನಂತಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೌದ್ರಿ ಸರ್. ಇಳಿಯೂದಷ್ಟ ನೋಡೀನ್ರಿ.”

“ಜೀಪಿನ್ಯಾಗ ಕುಂತಿದ್ದು ಖರೆ. ಡ್ರೈವರ್ ನನ್ನ ಹಳೇ ವಿದ್ಯಾರ್ಥಿ. ದಾರ್ಯಾಗ ಸಿಕ್ಕಾಂವ ಹತ್ರಿ ಅಂದ, ಹತ್ತಿದೆ.”

ನಾನು ತಲೆಯಾಡಿಸಿ ಬಟ್ಟೆ ಹರಿದು, ಮಡಚಿ ಕೊಟ್ಟೆ. ಅವರು ಹೇಳಿದ ಎರಡು ಮಾತುಗಳಲ್ಲಿ ಮೊದಲನೆಯದನ್ನು ನಂಬಿದೆ, ಅದನ್ನು ನಾನೇ ನೋಡಿದ್ದೆ. ಎರಡನೆಯದನ್ನು ನಂಬಲು ಅವರ ಮಾತಿನ ಹೊರತು ನನ್ನ ಬಳಿ ಬೇರೇನೂ ಇರಲಿಲ್ಲ. ಆ ವರ್ಷ ನಮ್ಮೂರಲ್ಲಿ ಅಷ್ಟು ಸಾಕಾಗುತ್ತಿರಲಿಲ್ಲ, ನನಗೂ ಸಾಕಾಗಲಿಲ್ಲ.